ಸಮೀಕ್ಷೆ ಒಬ್ಬರಿಗೆ, ನಕ್ಷೆ ಇನ್ನೊಬ್ಬರಿಗೆ ಎಂದು ಹಂಚಬೇಡಿ

ಬೀದಿ ವ್ಯಾಪಾರಿಗಳಿಗಾಗಿ ಮಾಡುವ ಗುಂಪು ಪ್ರಾಜೆಕ್ಟಿನಲ್ಲಿ ಕನ್ನಡ ಬಲ್ಲವರಿಗೆ ಸಮೀಕ್ಷೆ, ಸಾಫ್ಟ್‌ವೇರ್ ಬಲ್ಲವರಿಗೆ ನಕ್ಷೆ ಎಂದು ಹಂಚಿದರೆ ಆಗದೇ ಎಂದು ಕೇಳಿದ್ದೀರಿ. ನಾವು ಮಾಡಿದ್ದೂ ಅದನ್ನೇ.

ವಾಸ್ತುಶಿಲ್ಪ ಪದವಿಯ (ಬಿ.ಆರ್ಕ್.) ನಾಲ್ಕನೇ ವರ್ಷದಲ್ಲಿ, ಮೈಸೂರಿನ ಬಡಾವಣೆಯೊಂದರ ತರಕಾರಿ ಬೀದಿಗೆ ನೆರಳು ಮತ್ತು ಕಟ್ಟೆ ರೂಪಿಸುವ ಕೆಲಸ ನಮಗೆ ಬಂದಿತ್ತು. ನಕ್ಷೆಯ ಪಾಲು ನನ್ನದು. ಮಳೆನೀರು ನಿಲ್ಲಬಾರದೆಂದು ವ್ಯಾಪಾರದ ಜಾಗವನ್ನು ರಸ್ತೆಯಿಂದ ಆರು ಇಂಚು ಎತ್ತರಿಸಿದೆ, ನಮ್ಮ ಕೆಲಸಕ್ಕೆ ಬೆಲೆ ಕಟ್ಟುವ ಪರೀಕ್ಷಕರ ತಂಡ, ಅಂದರೆ ಜ್ಯೂರಿಯವರು, ಮೆಚ್ಚಿದರು. ಸ್ಥಳದಲ್ಲೇ ಇಟ್ಟಿಗೆ ಜೋಡಿಸಿ ಮಾದರಿ ತೋರಿಸಿದ ದಿನ, ಈರುಳ್ಳಿಯ ತಳ್ಳುಗಾಡಿ ತಂದ ಹೆಂಗಸೊಬ್ಬರು ಮುಂದಿನ ಚಕ್ರವನ್ನು ಅಂಚಿಗೆ ತಾಗಿಸಿ ನಿಂತು, "ದಿನಾ ಇದನ್ನ ಎತ್ತಿ ಇಳಿಸೋರು ಯಾರಪ್ಪಾ?" ಎಂದರು.

ತಪ್ಪು ಆರು ಇಂಚಿನದು, ಇಳಿಜಾರು ಸೇರಿಸಿದರೆ ಸರಿಹೋಗುತ್ತದೆ ಎಂದು ಅಧ್ಯಾಪಕರು ಸಮಾಧಾನ ಹೇಳಿದರು. ನಾನು ಇಂದಿಗೂ ಒಪ್ಪುವುದಿಲ್ಲ. ಸಮೀಕ್ಷೆಯ ಪುಸ್ತಕದಲ್ಲಿ "ರಾತ್ರಿ ಗಾಡಿ ಮನೆಗೆ" ಎಂಬ ಸಾಲು ಹಲವರ ಹೆಸರಿನ ಮುಂದಿತ್ತು. ಬರೆದುಕೊಂಡ ಗೆಳತಿಗೆ ಅದು ದಿನಚರಿಯ ವಿವರವಾಗಿದ್ದರಿಂದ ಸ್ವಂತ ಊರು, ವರಮಾನ, ಮಕ್ಕಳ ಓದಿನ ಸಾಲಿಗೆ ಸೇರಿಸಿದ್ದಳು. ನಾನು ಆ ಪುಟವನ್ನು ಓದಿಯೂ ಇದ್ದೆ. ಆದರೆ ಗಾಡಿ ಎಂದರೆ ನನ್ನ ಪರದೆಯ ಮೇಲೆ ಅಲುಗಾಡದ ಒಂದು ಆಯತ. ಅದು ಪ್ರತಿ ರಾತ್ರಿ ಕಟ್ಟೆ ಇಳಿಯಬೇಕು, ಬೆಳಿಗ್ಗೆ ತುಂಬಿದ ಭಾರದೊಡನೆ ಹತ್ತಬೇಕು, ಹಿಂದಿನಿಂದ ತಳ್ಳಿಕೊಡಲು ಇನ್ನೊಬ್ಬರಿರುವುದಿಲ್ಲ ಎಂಬುದು ಹೊಳೆಯಬೇಕಾದರೆ ಅಂಗಡಿ ಎತ್ತುವ ಹೊತ್ತಿಗೆ ನಾನು ಅಲ್ಲಿರಬೇಕಿತ್ತು. ನಕ್ಷೆ ತಿದ್ದುವಷ್ಟರಲ್ಲಿ ಸೆಮಿಸ್ಟರ್ ಮುಗಿಯಿತು, ವ್ಯಾಪಾರಿಗಳು ಮುಂದಿನ ಸಭೆಗೆ ಬರಲಿಲ್ಲ, ಕಟ್ಟೆ ಆಗಲೇ ಇಲ್ಲ.

ಹೀಗಾಗಿ ಯಾರಿಗೆ ಯಾವ ಕೆಲಸ ಎಂಬ ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು 1993ರಲ್ಲಿ ಆರಂಭಿಸಿದ ರೂರಲ್ ಸ್ಟುಡಿಯೋದಲ್ಲಿ, ವಿದ್ಯಾರ್ಥಿಗಳು ಅಲಬಾಮಾದ ಹೇಲ್ ಕೌಂಟಿಯ ಹಳ್ಳಿಗಾಡಿನಲ್ಲೇ ಉಳಿದು, ತಾವು ನಕ್ಷೆ ಬರೆದ ಮನೆಯನ್ನು ತಾವೇ ಕಟ್ಟುತ್ತಾರೆ. ನಮ್ಮ ಸೆಮಿಸ್ಟರ್‌ಗಳಲ್ಲಿ ಅಷ್ಟು ಆಗದ ಮಾತು. ಆದರೆ ಬೀದಿಯನ್ನು ತುಂಡುಗಳಾಗಿ ಹಂಚಿಕೊಂಡು, ಒಂದೊಂದು ತುಂಡಿನಲ್ಲಿ ಮಾತಾಡಿಸುವುದು, ಅಳೆಯುವುದು, ನಕ್ಷೆ ಬರೆಯುವುದು ಮೂರನ್ನೂ ಅದೇ ಇಬ್ಬರು ಮಾಡಬಹುದು. ಕನ್ನಡ ಬಾರದವರು ಹರಕುಮುರುಕಾಗಿಯೇ ಮಾತಾಡಲಿ, ಸಂತೆಯವರು ತಿದ್ದಿಕೊಡುತ್ತಾರೆ. ಇನ್ನು, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಊರಿನ ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಕರಡು ನಕ್ಷೆಯನ್ನು ಮೊದಲು ಅವರ ಮುಂದಿಡಿ, ಜ್ಯೂರಿ ಆಮೇಲೆ ನೋಡಲಿ.