ಅಟ್ಟದಲ್ಲಿ ಸಿಕ್ಕ ಹಳೇ ಪೈಸೆ ಡಬ್ಬ ಏನ್ಮಾಡೋದು?

ಪ್ರಶ್ನೆ: ನಮ್ಮ ಮಾವ ನಾಪೋಕ್ಲಲ್ಲಿ ದಿನಸಿ ಅಂಗಡಿ ಇಟ್ಟಿದ್ರು, ಈಗ ಅವ್ರಿಲ್ಲ. ಮಳೆಗೆ ಅಟ್ಟ ಸೋರ್ತಿದೆ ಅಂತ ಹತ್ತಿ ನೋಡಿದ್ರೆ ಎರಡು ಬಿಸ್ಕತ್ ಡಬ್ಬ ತುಂಬ ಚಿಲ್ಲರೆ, ಐದು ಪೈಸೆ ಹತ್ತು ಪೈಸೆನೇ ಜಾಸ್ತಿ, ತೂತು ಕಾಸೂ ಉಂಟು. ಬ್ಯಾಂಕಲ್ಲಿ ಬೇಡ ಅಂದ್ರು. ಯಾರೋ ಫೋನ್ ಮಾಡಿ ಲಕ್ಷ ಕೊಡ್ತೀವಿ, ಮೊದ್ಲು ರಿಜಿಸ್ಟ್ರೇಷನ್‌ಗೆ ದುಡ್ಡು ಹಾಕಿ ಅಂತಿದ್ದಾರೆ. ಅತ್ತೆ ತಲಕಾವೇರಿ ಕೊಳಕ್ಕೆ ಹಾಕ್ಬಿಡು ಅಂತಾರೆ. ಏನ್ಮಾಡ್ಲಿ?
– ಓದುಗರು, ಮಡಿಕೇರಿ ತಾಲೂಕು

ಉತ್ತರ: ಅಕ್ಕಾ, ಮೊದ್ಲು ಆ ನಂಬರ್ ಬ್ಲಾಕ್ ಮಾಡಿ, ಒಂದು ರೂಪಾಯಿನೂ ಹಾಕ್ಬೇಡಿ. ಆರ್‌ಬಿಐ ಹೆಸರು ಹೇಳ್ಕೊಂಡು ಹಳೇ ನಾಣ್ಯಕ್ಕೆ ಕಮಿಷನ್, ಟ್ಯಾಕ್ಸ್ ಅಂತ ದುಡ್ಡು ಕೀಳೋರ ಬಗ್ಗೆ 2021ರಲ್ಲೇ ಆರ್‌ಬಿಐ ಎಚ್ಚರಿಕೆ ಕೊಟ್ಟಿತ್ತು, ಅವ್ರು ಇಂಥ ವ್ಯಾಪಾರ ಮಾಡೋದೇ ಇಲ್ಲ.

ಬ್ಯಾಂಕಿನವ್ರು ಹೇಳಿದ್ದು ಸರಿ, 25 ಪೈಸೆ ಮತ್ತು ಅದಕ್ಕಿಂತ ಕೆಳಗಿನದ್ದೆಲ್ಲ 2011ರ ಜೂನ್ 30ಕ್ಕೆ ಚಲಾವಣೆ ನಿಂತೋಯ್ತು. 50 ಪೈಸೆ ಮಾತ್ರ ಈಗ್ಲೂ ನಡೆಯುತ್ತೆ, ಅದನ್ನ ಬೇರೆ ಎತ್ತಿಡಿ.

ಇನ್ನು ಉಳಿದಿದ್ದನ್ನ ಪೇಪರ್ ಹಾಸಿ ಸುರ್ಕೊಂಡು ಕೂತ್ಕೊಳ್ಳಿ. ಹುಣಸೆಹಣ್ಣು ಬೂದಿ ಹಾಕಿ ಮಾತ್ರ ಉಜ್ಜಬೇಡಿ, ಉಜ್ಜಿ ಹೊಳಪು ಮಾಡಿದ ನಾಣ್ಯಕ್ಕೆ ಸಂಗ್ರಹ ಮಾಡೋರು ಬೆಲೆನೇ ಕಡಿಮೆ ಕೊಡ್ತಾರೆ. ರಾಜನ ತಲೆ ಇರೋ ರೂಪಾಯಿ ಸಿಕ್ರೆ ಇಸವಿ ನೋಡಿ: 1939ರ ತನಕದ್ದು ಹೆಚ್ಚುಕಡಿಮೆ ಪೂರ್ತಿ ಬೆಳ್ಳಿ, 1940ರಿಂದ 45ರದ್ದು ಅರ್ಧ ಬೆಳ್ಳಿ, 1947ರದ್ದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತೆ. ಬೆಳ್ಳಿ ಸಿಕ್ರೆ ಅದಕ್ಕೆ ಬೆಲೆ ಉಂಟು, ಒಬ್ರ ಮಾತು ಕೇಳಿ ಕೊಡ್ಬೇಡಿ, ಎರಡು ಮೂರು ಕಡೆ ವಿಚಾರಿಸಿ. ತೂತು ಕಾಸು 1943ರಿಂದ 47ರದ್ದು, ಯುದ್ಧದ ಟೈಮಲ್ಲಿ ಲೋಹ ಉಳಿಸೋಕೆ ನಡುವೆ ತೂತು ಬಿಟ್ಟು ಮಾಡಿದ್ದು, ರಾಶಿ ರಾಶಿ ಹೊಡೆದಿದ್ರು, ಹಾಗಾಗಿ ಲಕ್ಷದ ಮಾತೇ ಇಲ್ಲ. 1957ರಿಂದ 63ರ ತನಕದ್ದರಲ್ಲಿ ‘ನಯಾ ಪೈಸಾ’ ಅಂತ ಬರೆದಿರುತ್ತೆ. ಇಸವಿ ಕೆಳಗೆ ನಕ್ಷತ್ರ ಇದ್ರೆ ಹೈದರಾಬಾದ್ ಟಂಕಸಾಲೆದು, ವಜ್ರದ ಗುರುತು ಇದ್ರೆ ಮುಂಬೈದು, ಹುಡುಕ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ನಮ್ಮ ಕೊಡಗಿನ ಥಂಡಿಗೆ ಅಲ್ಯೂಮಿನಿಯಂ ಪೈಸೆ ಮೇಲೆ ಬೆಳ್ಳಗೆ ಪುಡಿ ಕಟ್ಟುತ್ತೆ, ತಾಮ್ರದ್ದಕ್ಕೆ ಹಸಿರು ಬರುತ್ತೆ. ಮಳೆ ನಿಂತ್ಮೇಲೆ ಒಣ ಬಟ್ಟೆಲಿ ಮೆಲ್ಲಗೆ ಒರೆಸಿ ಪೇಪರ್ ಕವರಲ್ಲಿ ಹಾಕಿಡಿ, ಸೋರೋ ಅಟ್ಟಕ್ಕೆ ವಾಪಸ್ ಏರಿಸ್ಬೇಡಿ.

ಅತ್ತೆಯವ್ರ ಭಕ್ತಿ ದೊಡ್ಡದು, ಆದ್ರೆ ಜನ ತೀರ್ಥಸ್ನಾನ ಮಾಡೋ ಜಾಗಕ್ಕೆ ಡಬ್ಬಗಟ್ಟಲೆ ಲೋಹ ಸುರಿಯೋದು ನಂಗೆ ಸರಿ ಕಾಣಲ್ಲ. ತುಲಾ ಸಂಕ್ರಮಣಕ್ಕೆ ಹೋದಾಗ ಈಗ ನಡೆಯೋ ದುಡ್ಡನ್ನೇ ಹುಂಡಿಗೆ ಹಾಕ್ಲಿ, ದೇವಸ್ಥಾನಕ್ಕೂ ಉಪಯೋಗ ಆಗುತ್ತೆ. ಗುಜರಿಗೂ ಬೇಡ, ಅದ್ರಲ್ಲೂ ಈಗ್ಲೂ ನಡೆಯೋ ನಾಣ್ಯ ಕರಗಿಸೋದು 2011ರ ಕಾಯಿನೇಜ್ ಕಾಯ್ದೆ ಪ್ರಕಾರ ಅಪರಾಧ.

ಒಂದೊಂದು ಥರದ್ದು ಒಂದೊಂದು ಸೆಟ್ ಮನೆಗೆ ಇಟ್ಕೊಂಡು ಮಿಕ್ಕಿದ್ದನ್ನ ಹತ್ತಿರದ ಶಾಲೆಗಳಿಗೆ ಹಂಚಿ, ಸಮಾಜ ಪಾಠದ ಟೀಚರಿಗೆ ಮೊದ್ಲೇ ಹೇಳಿದ್ರೆ ಖುಷಿಯಿಂದ ತಗೋತಾರೆ.