19 ವರ್ಷದ ಬ್ಯಾಸ್ಕೆಟ್‌ಬಾಲ್ ಗಾರ್ಡ್ (ಚೆಂಡು ಮುಂದೆ ತರುವ ಆಟಗಾರ), ಒಳ್ಳೆ ವೇಗ ಇದೆ. ಜಿಗಿತ ಇನ್ನೂ ಹೆಚ್ಚಿಸೋದು ಹೇಗೆ?

ಸಿರ್ಸಿಯ ನಿಮ್ಮ ತಮ್ಮನಿಗೆ ಬೆಂಗಳೂರಿನ ಟೀಮಿಂದ ಮೊದಲ ಕಾಂಟ್ರ್ಯಾಕ್ಟ್ ಬಂದಿದೆ, ಹೋಗೋದರೊಳಗೆ ಇನ್ನೂ ನಾಲ್ಕು ಇಂಚು ಮೇಲೆ ಜಿಗಿಯಬೇಕು ಅಂತಿದ್ದಾನೆ ಅಂದ್ರಲ್ಲ, ನಾನೂ ಥೇಟ್ ಹಾಗೇ ಹೊರಟಿದ್ದೆ.

ನಾನು ಕಾರವಾರದವನು. ಬೆಳಿಗ್ಗೆ ಟಾಗೋರ್ ಬೀಚಿನ ಮರಳಲ್ಲಿ ಓಟ, ಸಂಜೆ ಸಿಮೆಂಟ್ ಕೋರ್ಟ್. ಜೂನ್ ಬಂತೆಂದರೆ ಕೋರ್ಟಿಗೆ ಪಾಚಿ ಹಿಡಿಯುತ್ತಿತ್ತು. ಮಳೆಗಾಲ ಪೂರ್ತಿ ಚೆಂಡು ಇಲ್ಲ, ಬರೀ ಓಟ. ಹಾಗಾಗಿ ಕಾಲು ಬೆಳೆಯಿತು, ಆಟ ಬೆಳೆಯಲಿಲ್ಲ. ಆದರೆ ಜಿಲ್ಲೆಯಲ್ಲಿ ನನ್ನನ್ನು ಹಿಡಿಯೋರೇ ಇರಲಿಲ್ಲ. 20ಕ್ಕೆ ಬೆಂಗಳೂರಿನ ಒಂದು ಟೀಮ್ ಕರೆಯಿತು.

ಅಲ್ಲಿ ಮಾಡಿದ್ದು ಒಂದೇ ತಪ್ಪು. ಚೆಂಡು ಸಿಕ್ಕಿದ ಕೂಡಲೇ ಓಡಿಬಿಡುತ್ತಿದ್ದೆ. ಅರ್ಧ ಕೋರ್ಟ್ ದಾಟೋಕೆ 8 ಸೆಕೆಂಡ್ ಕೊಡ್ತಾರೆ, ನಾನು ಮೂರರಲ್ಲೇ ದಾಟುತ್ತಿದ್ದೆ. ನೋಡಿದರೆ ನಮ್ಮವರು ಯಾರೂ ಬಂದಿರುತ್ತಿರಲಿಲ್ಲ. ಶಾಟ್ ಹೊಡೆಯೋಕೆ ಕೊಡುವ 24 ಸೆಕೆಂಡಿನಲ್ಲಿ ಇನ್ನೂ 20 ಉಳಿದಿರುವಾಗಲೇ ನಾನು ಇಬ್ಬರ ನಡುವೆ ಗಾಳಿಯಲ್ಲಿ ಇರುತ್ತಿದ್ದೆ. ನಮ್ಮ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ, ಮಂಡ್ಯ ಕಡೆಯವನು. "ಲೋ, ನಾನು ಬರೋವರೆಗಾದ್ರೂ ಕಾಯೋ" ಅಂತ ಪ್ರತಿ ಪಂದ್ಯದಲ್ಲೂ ಕೂಗುತ್ತಿದ್ದ. ನಾನು ಕೇಳಲಿಲ್ಲ.

ಮೊದಲ ನಾಲ್ಕು ಪಂದ್ಯ ನಡೆದುಹೋಯಿತು. ಐದನೆಯದರಲ್ಲಿ ಎದುರಿನ ಗಾರ್ಡ್ ನನ್ನಿಂದ ಎರಡು ಹೆಜ್ಜೆ ಹಿಂದೆ ನಿಂತ. ನಮ್ಮ ಸೆಂಟರ್ ಸ್ಕ್ರೀನ್ ಹಾಕಿದರೆ, ಅಂದರೆ ಅವನಿಗೆ ಅಡ್ಡ ನಿಂತರೆ, ಅದರ ಹಿಂದಿನಿಂದ ಸುತ್ತಿ ಬಂದು ದಾರಿ ಮುಚ್ಚಿದ. ಹೊಡೆಯೋದಾದರೆ ದೂರದಿಂದಲೇ ಹೊಡಿ ಅಂತ. ನನಗೆ ಶಾಟ್ ಬರುತ್ತಿರಲಿಲ್ಲ ಅಂತಲ್ಲ. ನಿಂತ ಜಾಗದಿಂದ ಹೊಡೆದರೆ ಮೂರು ಅಂಕದ 6.75 ಮೀಟರ್ ಗೆರೆಯಿಂದಲೂ ಬೀಳುತ್ತಿತ್ತು. ಓಡಿ ಬಂದು ನಿಲ್ಲೋದು ಬರುತ್ತಿರಲಿಲ್ಲ. ಹಿಮ್ಮಡಿ ನೆಲಕ್ಕೆ ಊರುವ ಮೊದಲೇ ಎದೆ ಮುಂದೆ ಹೋಗಿರುತ್ತಿತ್ತು, ಚೆಂಡು ರಿಂಗಿನ ಹಿಂಬದಿಗೆ ಬಡಿದು ವಾಪಸ್. ಆಮೇಲೆ ಎಲ್ಲ ಟೀಮುಗಳೂ ಹಾಗೇ ನಿಲ್ಲತೊಡಗಿದವು.

ಕೋಚ್ ರಿಂಗಿನ ಎದುರಿನ ಫ್ರೀ ಥ್ರೋ ಗೆರೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟರು. ಪೂರ್ತಿ ವೇಗದಲ್ಲಿ ಬಂದು, ಕುರ್ಚಿಗೆ ಒಂದು ಅಡಿ ಇರುವಾಗ ನಿಲ್ಲಬೇಕು. ಮೊದಲ ದಿನ ಹತ್ತರಲ್ಲಿ ಏಳು ಸಲ ಕುರ್ಚಿ ಉರುಳಿತು. ಸರಿಯಾಗಿ ಕಲಿಯೋಕೆ ಐದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮುಂದಿನ ವರ್ಷದ ಕಾಂಟ್ರ್ಯಾಕ್ಟ್ ಬೇರೆ ಗಾರ್ಡ್‌ಗೆ ಹೋಗಿತ್ತು. ಅವನು ಓಟದಲ್ಲಿ ನನಗಿಂತ ತುಂಬಾ ನಿಧಾನ. ಆದರೆ ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತಿದ್ದ.

ಅದಕ್ಕೇ ಜಿಗಿತದ ವ್ಯಾಯಾಮ ನಾನು ಹೇಳಿಕೊಡೋದಿಲ್ಲ. ನಿಮ್ಮ ತಮ್ಮನಿಗೆ ಅದು ಬೇಕಾಗಿಲ್ಲ, ಇರೋದೇ ಸಾಕು. ಅವನು ಡೆರಿಕ್ ರೋಸ್ ಅಭಿಮಾನಿ ಅಂದ್ರಿ. ರೋಸ್ ಕೂಡ ಗಾರ್ಡ್, 2011ರಲ್ಲಿ 22ನೇ ವಯಸ್ಸಿಗೆ ಅಮೆರಿಕದ ಎನ್‌ಬಿಎ ಲೀಗಿನ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದರು, ಮರುವರ್ಷವೇ ಮೊಣಕಾಲಿನ ಲಿಗಮೆಂಟ್ ಹರಿಯಿತು. 2018ರಲ್ಲಿ ಅವರು ಒಂದೇ ಪಂದ್ಯದಲ್ಲಿ 50 ಅಂಕ ಹೊಡೆದಾಗ ಹಳೆಯ ಜಿಗಿತ ಉಳಿದಿರಲಿಲ್ಲ. ಸುಮ್ನೆ ಜಿಗಿದು ಚೆಂಡನ್ನು ರಿಂಗಿಗೆ ತುರುಕುವ ಡಂಕ್ ನೋಡೋ ಬದಲು ಆ ಪಂದ್ಯ ನೋಡಲಿ.

ಹೊರಡೋಕೆ ಎಷ್ಟು ದಿನ ಇದೆಯೋ ಅಷ್ಟೂ ದಿನ ನಿಲ್ಲೋದನ್ನು ಕಲಿಯಲಿ. ಮರಳಲ್ಲಿ ಇದು ಆಗೋದಿಲ್ಲ, ಗಟ್ಟಿ ನೆಲವೇ ಬೇಕು. ಸಿರ್ಸಿ ಮಳೆಗೆ ಹೊರಗಿನ ಕೋರ್ಟ್ ಜಾರುತ್ತೆ, ಯಾವುದಾದರೂ ಶಾಲೆಯ ಹಾಲ್ ಕೇಳಿ ನೋಡಿ. ರಿಂಗ್ ಇಲ್ಲದಿದ್ದರೂ ನಡೆಯುತ್ತೆ, ಒಂದು ಕುರ್ಚಿ ಇದ್ದರಾಯಿತು.