ಅಂಚು 4 ಮಿಮೀ ಇದ್ದರೆ ಸಾಕಾ?
ನಿಮ್ಮ ತಂದೆಯ ಲಿವರ್ ಗೆಡ್ಡೆ ತೆಗೆದ ಮೇಲೆ ವರದಿಯಲ್ಲಿ ‘ಆರ್0, ಅಂಚು 4 ಮಿಮೀ’ ಎಂದಿದೆ, ಇಷ್ಟು ಸಾಕಾ ಎಂದು ಕೇಳಿದ್ದೀರಿ. ಅಂಚು 4 ಮಿಮೀ ಅಂದರೆ ಗೆಡ್ಡೆಗೂ ಕತ್ತರಿಸಿದ ಜಾಗಕ್ಕೂ ನಡುವೆ ಕ್ಯಾನ್ಸರ್ ಇಲ್ಲದ ಲಿವರ್ 4 ಮಿಮೀ ಇದೆ. ಆರ್0 ಅಂದರೆ ಕತ್ತರಿಸಿದ ಅಂಚಿನಲ್ಲಿ ಮೈಕ್ರೋಸ್ಕೋಪಿಗೂ ಕ್ಯಾನ್ಸರ್ ಕಂಡಿಲ್ಲ. ಒಳ್ಳೆಯ ಸುದ್ದಿ ಇದು. 1 ಸೆಂಮೀ ಸಿಕ್ಕಿದ್ದರೆ ಇನ್ನೂ ಚೆನ್ನಾಗಿತ್ತು, ಆದರೆ ಗೆಡ್ಡೆ ದೊಡ್ಡ ರಕ್ತನಾಳದ ಪಕ್ಕದಲ್ಲಿದ್ದರೆ ಅಷ್ಟು ತೆಗೆಯಲು ಆಗುವುದಿಲ್ಲ. ಕೆಲಸ ಮಾಡುವಷ್ಟು ಲಿವರ್ ಉಳಿಯಬೇಕು ಅಲ್ವಾ?

ಸುಮ್ನೆ ಆ ಸಂಖ್ಯೆಯನ್ನೇ ನೋಡುತ್ತಾ ಕೂರಬೇಡಿ. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಅಂಚು ಚೊಕ್ಕವಾಗಿದ್ದರೂ ಮರಳಬಹುದು, ಜಾಸ್ತಿ ಸಲ ಲಿವರ್‌ನ ಬೇರೆ ಜಾಗದಲ್ಲೇ. ವರದಿಯಲ್ಲಿ ‘ಮೈಕ್ರೋವ್ಯಾಸ್ಕುಲರ್ ಇನ್ವೇಷನ್’ (ಸಣ್ಣ ರಕ್ತನಾಳಗಳೊಳಗೆ ಕ್ಯಾನ್ಸರ್ ನುಗ್ಗಿರುವುದು) ಸಾಲು ಹುಡುಕಿ, ಅದರ ಬಗ್ಗೆ ಡಾಕ್ಟರನ್ನು ಕೇಳಿ. ಹೆಪಟೈಟಿಸ್ ಬಿ ಇದ್ದರೆ ಮಾತ್ರೆ ತಪ್ಪಿಸಬೇಡಿ. ಮೊದಲ 2 ವರ್ಷ ಸ್ಕ್ಯಾನ್, ಎಎಫ್‌ಪಿ (ಲಿವರ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಬಹುದಾದ ಪ್ರೋಟೀನ್) ರಕ್ತಪರೀಕ್ಷೆ ಬಿಡಲೇಬೇಡಿ. ಬೇಗ ಸಿಕ್ಕಿದರೆ ಮತ್ತೆ ಚಿಕಿತ್ಸೆಗೆ ದಾರಿ ಇರುತ್ತದೆ.